ಮೊದಲು ಯಂತ್ರ ನಿಲ್ಲಿಸಿ

ಬೆಳಗಿನ ಐದು ಗಂಟೆ. ಬೇಕರಿಯ ಹಿಂದಿನ ಕೋಣೆಯಲ್ಲಿ ಒಲೆ ಆಗಲೇ ಕಾದಿದೆ. ಹಿಟ್ಟು ಕಲಸುವ ಹೊಸ ಯಂತ್ರದ ಮುಂದೆ ಹೆಂಗಸೊಬ್ಬಳು ನಿಂತು ಗೋಡೆಗೆ ಅಂಟಿಸಿದ ಹಾಳೆಯನ್ನು ಓದುತ್ತಿದ್ದಾಳೆ. ಕೆಲಸಕ್ಕೆ ಸೇರಿ ಇದು ಮೊದಲ ದಿನ. ಇಂಥ ಯಂತ್ರ ಮುಟ್ಟಿದವಳೇ ಅಲ್ಲ. ಅವಳ ಹಿಂದೆ, ಮೈದಾ ಮೂಟೆಗಳ ಪಕ್ಕ, ಇನ್ನೊಬ್ಬರು ನೋಟ್‌ಬುಕ್ ಎದೆಗವಚಿಕೊಂಡು ನಿಂತಿದ್ದಾರೆ. ಆ ಹಾಳೆ ಬರೆದವರು ಇವರೇ. ಆದರೆ ತುಟಿಪಿಟಕ್ಕೆನ್ನುವಂತಿಲ್ಲ.

ಈ ನಿಯಮ ಮಾಡಿದವರು ಯಂತ್ರ ತಯಾರಿಸುವ ಕಾರ್ಖಾನೆಯ ಹಿರಿಯ ಫಿಟ್ಟರ್. ಗೋಡೆಯ ಮೇನ್ ಸ್ವಿಚ್ ಮೇಲೆ ಕೈಯಿಟ್ಟುಕೊಂಡು ಅವರೂ ಅಲ್ಲೇ ಇದ್ದಾರೆ. ಬರೆದವರು ಒಂದು ಮಾತಾಡಿದರೂ ಹಾಳೆ ಫೇಲು, ಫಿಟ್ಟರ್ ಸ್ವಿಚ್ ಆರಿಸಬೇಕಾಗಿ ಬಂದರೂ ಫೇಲು. ಈಗಾಗಲೇ ಎರಡು ಸಲ ಫೇಲಾಗಿದೆ. ಮೂರನೆಯ ಸಲವೂ ಹಾಗೇ ಆದರೆ ಇವರ ಕೆಲಸ ಖಾಯಂ ಆಗುವುದಿಲ್ಲ.

ಕಾರ್ಖಾನೆಯಲ್ಲಿ ಎಲ್ಲರಿಗೂ ಇವರು 'ಹಾಳೆ ಮೇಡಂ'. ವಯಸ್ಸು ನಲವತ್ತಮೂರು. ಆರು ತಿಂಗಳ ಹಿಂದೆ ಕಂಟೆಂಟ್ ರೈಟರ್ ಆಗಿದ್ದರು, ಈಗ ಯಂತ್ರ ಬಳಸುವ ಬಗೆ ಬರೆದುಕೊಡುವ ಟೆಕ್ನಿಕಲ್ ರೈಟರ್. ಎರಡೂ ಬರೆಯುವ ಕೆಲಸವೇ ತಾನೇ ಎಂದರೆ ನಗುತ್ತಾರೆ. "ಆಗ ಓದೋರನ್ನ ಹಿಡಿದು ಕೂರಿಸ್ಬೇಕಿತ್ತು. ಈಗ ಬೇಗ ಓದಿಸಿ, ಎಬ್ಬಿಸಿ ಕಳಿಸ್ಬೇಕು. ವ್ಯತ್ಯಾಸ ಅಷ್ಟೇ. ಅಷ್ಟನ್ನ ಕಲಿಯೋ ಹೊತ್ತಿಗೆ ಸಾಕೋಸಾಕಾಯ್ತು."

ಹನ್ನೊಂದು ವರ್ಷ, ವೆಬ್‌ಸೈಟುಗಳಿಗೆ ದಿನಕ್ಕೆ ನಾಲ್ಕು ಲೇಖನ. ಬೆನ್ನುನೋವಿಗೆ ಐದು ಉಪಾಯ, ಸುಖನಿದ್ರೆಗೆ ಏಳು ಗುಟ್ಟು. ಹಾಸಿಗೆಗಳ ಬಗ್ಗೆಯೇ ನಲವತ್ತೇಳು ಬರೆದಿದ್ದಾರೆ. "ಒಂದರ ಮೇಲೂ ಮಲಗಿಲ್ಲ. ನಮ್ಮನೆ ಹಾಸಿಗೆ ನಡುವೆ ತಗ್ಗು ಬಿದ್ದು ಎಷ್ಟೋ ವರ್ಷ ಆಯ್ತು." ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಆ ಹೂವು ಮುಡಿಸುವ ಕೆಲಸ. ಪುರವಣಿಗೆ ಬರೆಯುವ ನಾನೂ ಅದೇ ಪಂಗಡದವಳು, ಮುಚ್ಚುಮರೆಯೇನಿಲ್ಲ. ಕಳೆದ ವರ್ಷ, ಇನ್ನು ಮೇಲೆ ಕಂಪ್ಯೂಟರಿನಿಂದಲೇ ಬರೆಸಿಕೊಳ್ಳುತ್ತೇವೆ ಎಂದು ಕಂಪನಿ ಒಂದು ಮೇಲ್ ಕಳಿಸಿತು. ನಾಲ್ಕು ಲೇಖನ ಎರಡಾಯಿತು, ಎರಡು ಒಂದಾಯಿತು, ಆ ಒಂದೂ ನಿಂತುಹೋಯಿತು.

ದಾರಿ ತೋರಿಸಿದ್ದು ಅತ್ತೆ. ಮನೆಗೆ ವಾಷಿಂಗ್ ಮಷಿನ್ ಬಂದು ಆರು ವರ್ಷವಾದರೂ ಅದನ್ನು ಅವರು ಮುಟ್ಟಿರಲಿಲ್ಲ. "ಊರಿಗೆಲ್ಲ ಬುದ್ಧಿ ಹೇಳಿ ಬರೀತೀಯ, ನನಗೊಂದು ಚೀಟಿ ಬರ್ಕೊಡೋಕೆ ಆಗಲ್ವೇನೇ?" ಎಂದರಂತೆ. ಸೊಸೆ ಒಂಬತ್ತು ಸಾಲಿನ ಚೀಟಿ ಬರೆದು ಮಷಿನ್ ಮೇಲೆ ಅಂಟಿಸಿದರು. ಸಂಜೆ ನೋಡಿದರೆ ಮನೆಯ ಬಟ್ಟೆಯೆಲ್ಲ ತಂತಿಯ ಮೇಲೆ. ಅತ್ತೆ ಕಿಟಕಿಯ ಪರದೆಯನ್ನೂ ಬಿಟ್ಟಿರಲಿಲ್ಲ! "ನಾನು ಬರೆದಿದ್ದು ಓದಿ ಒಬ್ಬರು ಏನಾದ್ರೂ ಮಾಡಿದ್ದನ್ನ ನಾನು ಕಣ್ಣಾರೆ ಕಂಡಿದ್ದು ಅದೇ ಮೊದಲು. ಅಳು ಬಂದ್ಬಿಡ್ತು." ಕಾರ್ಖಾನೆಗೆ ಅರ್ಜಿ ಹಾಕುವಾಗ ಮಾದರಿ ಬರಹವೆಂದು ಲಗತ್ತಿಸಿದ್ದು ಅದೇ ಚೀಟಿಯನ್ನು.

ಹುಟ್ಟುಗುಣ ಸುಟ್ಟರೂ ಹೋಗದು. ಮುಖ್ಯ ವಿಷಯವನ್ನು ಕೊನೆಗಿಟ್ಟರೇ ಜನ ಕೊನೆಯವರೆಗೆ ಓದುತ್ತಾರೆ ಎಂಬುದು ಹಳೆಯ ಕೆಲಸದ ಪಾಠ. ಹಾಗಾಗಿ ಮೊದಲ ಹಾಳೆಯಲ್ಲಿ, ಯಂತ್ರದೊಳಗೆ ತಿರುಗುತ್ತಾ ಹಿಟ್ಟು ಕಲಸುವ ಕೊಕ್ಕೆಯ ಬಗ್ಗೆ, 'ಕೊಕ್ಕೆಗೆ ಅಂಟಿದ ಹಿಟ್ಟನ್ನು ಕೈಯಿಂದ ಬಿಡಿಸಿ' ಎಂದು ಬರೆದು, ಅದರ ಕೆಳಗೆ 'ಆದರೆ ತಾಳಿ! ಅದಕ್ಕೂ ಮೊದಲು ಒಂದು ಕೆಲಸವಿದೆ: ಯಂತ್ರ ನಿಲ್ಲಿಸಿ' ಎಂದು ಸೇರಿಸಿದ್ದರು. ಫಿಟ್ಟರ್ ಯಾವ ಹಾಳೆಯನ್ನೇ ಪರೀಕ್ಷಿಸಲಿ, ಒಂದು ಸಾಲು ಓದುತ್ತಾರೆ, ಅದರಂತೆ ಮಾಡುತ್ತಾರೆ, ಆಮೇಲೆ ಮುಂದಿನ ಸಾಲು. ಕೈಗೆ ಬದಲು ಮರದ ಸೌಟು. ಸೌಟು ಒಳಗೆ ಹೋಯಿತು. ಲಟಕ್ಕೆಂದು ಎರಡು ತುಂಡಾಯಿತು.

"ಮೇಡಂ, ಇದು ನನ್ನ ಕೈ ಆಗಿದ್ರೆ?" ಎಂದರಂತೆ ಫಿಟ್ಟರ್. "ಕೆಟ್ಟ ಮೇಲೆ ಬುದ್ಧಿ ಹೇಳೋ ಹಾಳೆ ಇದು."

ಆ ಎರಡು ತುಂಡುಗಳು ಇವತ್ತಿಗೂ ಇವರ ಮೇಜಿನ ಮೇಲಿವೆ. ಎರಡನೆಯ ಸಲ ಎಚ್ಚರಿಕೆ ಕೈ ಹಾಕುವ ಸಾಲಿಗಿಂತ ಮೊದಲೇ ಬಂದಿತ್ತು, ಆದರೆ ಎರಡೂ ಹಾಳೆಯ ಹಿಂಬದಿಗೆ ಹೋಗಿದ್ದವು. ಹಿಟ್ಟಿನ ಕೈಯಲ್ಲಿ ಯಾರು ತಾನೇ ಹಾಳೆ ತಿರುವುತ್ತಾರೆ? ಅದು ತಿಳಿದದ್ದು ಬೇಕರಿಗೆ ಬಂದು ನಿಂತ ಮೇಲೆ. ಅಲ್ಲಿಂದ ಶುರುವಾಯಿತು ಈ ಮುಂಜಾನೆಯ ತಿರುಗಾಟ: ವಾರಕ್ಕೆ ಮೂರು ದಿನ, ಒಟ್ಟು ಹದಿನಾಲ್ಕು ಬೇಕರಿ. ಯಂತ್ರದ ಜೊತೆ ಕಾರ್ಖಾನೆ ಕೊಡುತ್ತಿದ್ದ ಮೂವತ್ತೊಂದು ಪುಟದ ಪುಸ್ತಕ ಜರಡಿ ಹಿಡಿದು ಹಿಡಿದು ಈಗ ಎಂಟು ಸಾಲಾಗಿ, ಒಂದೇ ಬದಿಯಲ್ಲಿ, ಕಣ್ಣಿನ ಎತ್ತರದಲ್ಲಿ ಗೋಡೆಗೆ ಬಂದಿದೆ. ಮನೆಯಲ್ಲಿ ಮಗಳಿಗೆ ಇದೇ ತಮಾಷೆ. "ಅಮ್ಮಾ ಹಸಿವು ಅಂದ್ರೆ ಸಾಕು, ಒಂದನೇ ಹೆಜ್ಜೆ ಕೈ ತೊಳಿ ಅಂತ ಶುರು ಮಾಡ್ತಾಳೆ!"

ಯಂತ್ರ ತಿರುಗುತ್ತಿದೆ. ಹಿಟ್ಟು ಕೊಕ್ಕೆಯ ಸುತ್ತ ಮೇಲಕ್ಕೇರಿ ಅಂಟಿಕೊಳ್ಳುತ್ತದೆ. ಹೊಸಬಳ ಕೈ ತಾನಾಗಿಯೇ ಮುಂದೆ ಹೋಗುತ್ತದೆ. ಹಾಳೆ ಮೇಡಂ ಕೈಯಲ್ಲಿ ನೋಟ್‌ಬುಕ್ಕಿನ ರಟ್ಟು ಮಡಿಚಿಹೋಗಿದೆ. ಫಿಟ್ಟರ್ ಬೆರಳು ಸ್ವಿಚ್ಚನ್ನು ಒತ್ತುವುದೊಂದೇ ಬಾಕಿ. ನನಗಂತೂ ಕೂಗಿಬಿಡೋಣ ಅನ್ನಿಸುತ್ತದೆ.

ಕೈ ಅರ್ಧದಲ್ಲಿ ನಿಲ್ಲುತ್ತದೆ. ಅವಳು ತಲೆಯೆತ್ತಿ ಗೋಡೆ ನೋಡುತ್ತಾಳೆ. ಕೆಂಪು ಗುಂಡಿ ಒತ್ತುತ್ತಾಳೆ. ಕೊಕ್ಕೆ ಪೂರ್ತಿ ನಿಲ್ಲುವವರೆಗೆ ಕಾಯುತ್ತಾಳೆ. ಆಮೇಲೆ ಕೈ ಹಾಕಿ ಹಿಟ್ಟು ಬಿಡಿಸುತ್ತಾಳೆ. ಫಿಟ್ಟರ್ ಸ್ವಿಚ್ಚಿನಿಂದ ಕೈ ತೆಗೆದು, ಹಾಳೆಯ ಮೂಲೆಯಲ್ಲಿ ಸಹಿ ಹಾಕುತ್ತಾರೆ.

ಹೊಸಬಳು ಹಿಂದಕ್ಕೆ ತಿರುಗಿ ಹಾಳೆ ಮೇಡಂ ಅವರನ್ನು ಈಗಷ್ಟೇ ನೋಡುತ್ತಾಳೆ. "ಯಾರಕ್ಕಾ ನೀವು? ಸ್ವಲ್ಪ ದಾರಿ ಬಿಡಿ, ಟ್ರೇ ತರ್ಬೇಕು."

ಇವರು ದಾರಿ ಬಿಡುತ್ತಾರೆ. ಕಣ್ಣು ತುಂಬಿದೆ. ಬೇಜಾರಾಯಿತೇ ಎಂದು ಕೇಳುತ್ತೇನೆ.

"ಬೇಜಾರಾ? ಬರೆದೋರು ಯಾರು ಅಂತ ಅವಳಿಗ್ಯಾಕೆ ಬೇಕು? ನನಗಿರೋದು ಒಂದೇ ಆಸೆ. ಹತ್ತು ವರ್ಷ ಬಿಟ್ಟು ಇಲ್ಲಿಗೆ ಬರ್ಬೇಕು. ಆ ಹಾಳೆ ಹಿಟ್ಟು ಮೆತ್ಕೊಂಡು ಹಳದಿ ಆಗಿರ್ಬೇಕು. ಅವಳ ಹತ್ತು ಬೆರಳೂ ಹಾಗೇ ಇರ್ಬೇಕು."