ಮೇನ್ ಯಾವುದು, ಕ್ರಾಸ್ ಯಾವುದು

ಅಂಚೆಚೀಟಿಯಷ್ಟು ಅಗಲದ ಆ ಸೆರಾಮಿಕ್ ಬಿಲ್ಲೆಗೆ ನಲವತ್ತೆರಡು ಸಾವಿರ ರೂಪಾಯಿ. ನಾನು ಚೌಕಾಸಿ ಮಾಡಿ ಇಳಿಸಿದ ಮೇಲಿನ ಬೆಲೆ ಅದು. ಅಷ್ಟೇಕೆಂದರೆ, ಕರೆಂಟು ಕೊಟ್ಟರೆ ಅದು ನಡುಗಿ ಶಬ್ದ ಕಳಿಸುತ್ತದೆ, ಶಬ್ದ ವಾಪಸು ಬಂದು ತಾಕಿದರೆ ಕರೆಂಟು ಕೊಡುತ್ತದೆ. ಮೇಲಾಗಿ ಅದನ್ನು ಕೂದಲೆಳೆಯಷ್ಟು ಸಣ್ಣ ಗೆರೆಗಳಲ್ಲಿ ಉದ್ದಕ್ಕೂ ಅಡ್ಡಕ್ಕೂ ಸೀಳಿ ಸಾವಿರಾರು ಪುಟ್ಟ ಕಂಬ ಮಾಡಿರುತ್ತಾರೆ. ಸ್ಕ್ಯಾನಿಂಗಿನಲ್ಲಿ ಹೊಟ್ಟೆಯ ಮೇಲೆ ಆಡಿಸುತ್ತಾರಲ್ಲ, ಆ ಪ್ರೋಬಿನ ಜೀವವೇ ಇದು.

ನಾಯಂಡಹಳ್ಳಿಯ ನನ್ನ ಶೆಡ್ಡಿನಲ್ಲಿ ಕೆಟ್ಟ ಪ್ರೋಬ್ ರಿಪೇರಿ ಮಾಡುತ್ತೇನೆ. ಕಾಲೇಜಿನಲ್ಲಿ ಕಲಿತದ್ದಲ್ಲ, ಬಿಚ್ಚಿ ಬಿಚ್ಚಿ ಕಲಿತದ್ದು. ಮೂರು ಆಯಾಮದ ಚಿತ್ರ ತೆಗೆಯುವ ಪ್ರೋಬ್ ವಿನ್ಯಾಸ ಮಾಡುತ್ತಿದ್ದ ಬಸವೇಶ್ವರನಗರದ ಇಂಜಿನಿಯರ್ ಹುಡುಗಿಯೊಬ್ಬಳು ವೈರು ಕೂರಿಸಿಕೊಡಿ ಎಂದು ಬಂದಳು. ಬಿಲ್ಲೆಯನ್ನು ಅವಳ ದುಡ್ಡಿನಲ್ಲಿ ನಾನೇ ತರಿಸಿದೆ, ಇನ್ನೊಂದಕ್ಕೆ ಅವಳಲ್ಲಿ ದುಡ್ಡಿರಲಿಲ್ಲ. ಇದು ಕೆಟ್ಟರೆ ಅವಳ ಮೂರು ವರ್ಷದ ಕೆಲಸ ಅಲ್ಲಿಗೇ ನಿಂತಂತೆ.

ಅವಳ ನಕ್ಷೆಯಲ್ಲಿ ನಾಲ್ಕು ಸಾವಿರ ಚಿಲ್ಲರೆ ಕಂಬ, ಕಂಬಕ್ಕೊಂದು ವೈರು. ಕೇಬಲ್ಲು ತೊಡೆ ದಪ್ಪ ಆಗುತ್ತೆ, ಯಾವ ಡಾಕ್ಟರ್ ಎತ್ತುತ್ತಾರೆ, ಅರ್ಧಕ್ಕಿಳಿಸಿ ಎಂದು ಹಠ ಹಿಡಿದೆ. ಅರ್ಧ ಗಂಟೆ ನನ್ನನ್ನು ಮಾತಾಡಲು ಬಿಟ್ಟು, ಬ್ಯಾಗಿನಿಂದ ಇನ್ನೊಂದು ನಕ್ಷೆ ತೆಗೆದಳು. ಅದರಲ್ಲಿ ಬರೀ ನೂರ ಇಪ್ಪತ್ತೆಂಟು ವೈರು.

“ಇದನ್ನೇ ಮೊದ್ಲು ತೋರಿಸಿದ್ರೆ ಇದ್ರಲ್ಲೂ ಅರ್ಧ ಮಾಡಿ ಅಂತಿದ್ರಿ ಅಣ್ಣ.”

ಉಪಾಯ ನಮ್ಮ ಲೇಔಟಿನ ಅಡ್ರೆಸ್ಸಿನದೇ. ಬಿಲ್ಲೆಯ ಕೆಳಗೆ ಮೇನ್ ರೋಡಿನಂತೆ ಒಂದೇ ದಿಕ್ಕಿಗೆ ಅರವತ್ತನಾಲ್ಕು ವೈರು, ಮೇಲೆ ಅವಕ್ಕೆ ಅಡ್ಡಲಾಗಿ ಕ್ರಾಸ್ ರೋಡಿನಂತೆ ಅರವತ್ತನಾಲ್ಕು. ಯಾವ ಕಂಬ ಬೇಕೋ ಅದರ ಮೇನ್, ಕ್ರಾಸ್ ಹೇಳಿದರೆ ಸಿಕ್ಕಿತು. ನಕ್ಷೆಯ ಮೇಲೂ ಹಾಗೆಯೇ ಬರೆದಿದ್ದಳು.

ನಾಲ್ಕು ದಿನ ಕೂತು ಅಂಟಿಸಿದೆ. ಒಂದು ಟಬ್ ನೀರಿನ ತಳದಲ್ಲಿ ಸೂಟ್‌ಕೇಸಿನ ಪುಟ್ಟ ಕೀ ಓರೆಯಾಗಿಟ್ಟು ನೋಡಿದೆವು. ಪರದೆಯ ಮೇಲೆ ಕೀ ಚೆನ್ನಾಗಿಯೇ ಮೂಡಿತು, ಆದರೆ ಹಲ್ಲು ಮಾತ್ರ ತಪ್ಪು ಮಗ್ಗುಲಿಗೆ. ಬಿಚ್ಚಿ ಮತ್ತೆ ಅಂಟಿಸುವಂತಿಲ್ಲ. ಅಂಟಿದ ವೈರು ಕಿತ್ತರೆ ಕಂಬವೂ ಜೊತೆಗೇ ಬರುತ್ತದೆ.

ನಾನು ಒಂದೊಂದೇ ವೈರು ಪರೀಕ್ಷಿಸಿದೆ. ಎಲ್ಲ ಸರಿಯಿತ್ತು. ಆಮೇಲೆ, ಮೇನ್ ಅಂದರೆ ನಿಮ್ಮ ಪ್ರಕಾರ ಯಾವ ಕಡೆಗೆ ಹೋಗುತ್ತೆ ಎಂದು ಕೇಳಿದೆ. ಉತ್ತರ ದಕ್ಷಿಣ, ಇನ್ನೇನು, ಎಂದಳು. ಅವಳ ಮನೆಯ ಕಡೆ ಹಾಗಂತೆ. ವಿಜಯನಗರದ ನಮ್ಮ ಮನೆಯ ಬೀದಿಯಲ್ಲಿ ಮೇನ್ ಪೂರ್ವ ಪಶ್ಚಿಮ. ನಾನು ನಮ್ಮ ಬೀದಿಯಂತೆ ಅಂಟಿಸಿದ್ದೆ.

ಅವಳು ನಕ್ಷೆಯನ್ನು ಬಿಲ್ಲೆಯ ಪಕ್ಕಕ್ಕಿಟ್ಟು ಹೋಲಿಸಿದಳು.

“ಹಂಗಾದ್ರೆ ರಸ್ತೆ ಅಗಿಯೋದು ಬೇಡ. ರಸ್ತೆ ಹೆಸರಿನ ಬೋರ್ಡ್ ಬದಲಾಯಿಸಿದ್ರೆ ಆಯ್ತು.”

ಕಂಪ್ಯೂಟರಿನಲ್ಲಿ ಮೇನನ್ನು ಕ್ರಾಸ್ ಎಂದೂ ಕ್ರಾಸನ್ನು ಮೇನ್ ಎಂದೂ ಬರೆಯಲು ಹತ್ತು ನಿಮಿಷ ಹಿಡಿಯಿತು. ಕೀಯ ಹಲ್ಲು ತನ್ನ ಜಾಗಕ್ಕೆ ಬಂತು. ತಪ್ಪು ಯಾರದೆಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.

ನೀವೂ ಉದ್ದ ಅಡ್ಡದ ಕೆಲಸ ಯಾರಿಗಾದರೂ ಒಪ್ಪಿಸುವಾಗ, ಪ್ರೋಬಿರಲಿ, ಬಚ್ಚಲಿನ ಟೈಲ್ಸಿರಲಿ, ದರ ಮಾತಾಡುವ ಮೊದಲೇ ಒಂದು ಅಂಚಿಗೆ ನೇಲ್ ಪಾಲಿಶಿನ ಕೆಂಪು ಗೆರೆ ಎಳೆಯಿರಿ, ನಕ್ಷೆಯ ಅದೇ ಅಂಚಿಗೂ ಎಳೆಯಿರಿ. ನಮ್ಮಿಬ್ಬರಲ್ಲಿ ಈಗ ಅದಕ್ಕೆ ಮೈಸೂರು ರೋಡ್ ಎಂದು ಹೆಸರು. ಶೆಡ್ಡಿನ ಹತ್ತಿರವೇ ಹಾದುಹೋಗುವ ಆ ರೋಡು ಯಾವ ಕಡೆ ಎಂಬ ಬಗ್ಗೆ ಜಗಳವಿಲ್ಲ. ಬಾಟಲಿ ಚಿಕ್ಕದೇ ತನ್ನಿ, ದೊಡ್ಡದು ಮುಗಿಯುವ ಮೊದಲೇ ಒಣಗುತ್ತದೆ.