ಹಸಿ ವಾಸನೆ ಹೋಗುವ ತನಕ

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷ ಅದೇ ಒಲೆಯ ಮುಂದೆ ನಿಂತವಳು, ಒಂದು ದಿನವೂ ಅಳತೆಯ ಲೋಟ ಮುಟ್ಟಿದವಳಲ್ಲ. ಅಳತೆಯೆಲ್ಲ ಮೂಗಿನಲ್ಲಿತ್ತು. ಉಗ್ರಾಣದ ಬಾಗಿಲಲ್ಲೇ ನಿಂತು, ಮೂಟೆ ಬಿಚ್ಚುವ ಮೊದಲೇ ಹೇಳುತ್ತಿದ್ದಳು: "ಇದು ಮುಗ್ಗಲು. ವಾಪಸ್ ಕಳಿಸು."

ತೇವ ಕುಡಿದು ಕೂತ ಧಾನ್ಯದ್ದು ಮುಗ್ಗಲು. ಹಳೇ ಎಣ್ಣೆಯದು ಕಮಟು. ತಳ ಹಿಡಿದದ್ದು ಸೀಕಲು, ನಿನ್ನೆಯದು ಇವತ್ತು ಕೆಟ್ಟರೆ ಹಳಸಲು. ಎಲ್ಲವನ್ನೂ ಬರೀ 'ಕೆಟ್ಟ ವಾಸನೆ' ಎಂದವರಿಗೆ ಅವಳಲ್ಲಿ ಕ್ಷಮೆಯಿರಲಿಲ್ಲ. "ನಿಮ್ಮನೇಲಿ ಮಕ್ಕಳಿಗೆಲ್ಲ ಒಂದೇ ಹೆಸರಾ?" ಎನ್ನುತ್ತಿದ್ದಳು.

ಆಮೇಲೆ ಒಂದು ಜ್ವರ ಬಂತು. ಒಂಬತ್ತು ದಿನ ಮಲಗಿಸಿತು, ಹೋಗುವಾಗ ಅವಳ ವಾಸನೆಯ ಅರಿವನ್ನೂ ಕಟ್ಟಿಕೊಂಡು ಹೋಯಿತು. ಅವಳು ಅದನ್ನು ಹೇಳಿದ್ದು ಉಗ್ರಾಣ ನೋಡಿಕೊಳ್ಳುವ ಗೆಳತಿಗೆ ಮಾತ್ರ.

"ಯಾರ ಹತ್ರಾನೂ ಬಾಯಿ ಬಿಡಬೇಡ ಕಣೇ. ಗೊತ್ತಾದ್ರೆ ನಾಳೆನೇ ಒಲೆ ಬಿಡಿಸ್ತಾರೆ."

"ಎಷ್ಟು ದಿನ ಮುಚ್ಚಿಡ್ತೀಯ?"

"ಮೀಸೆಗೆ ಮೂಗಿದೆಯಲ್ಲ!"

ಮೀಸೆ ಎಂದರೆ ತರಕಾರಿ ಹೆಚ್ಚುವವನು, ಐವತ್ತು ದಾಟಿದ ಸಾಧು ಮನುಷ್ಯ. ರುಬ್ಬಿದ ಮಸಾಲೆ ಎಣ್ಣೆಗೆ ಬಿದ್ದ ಮೇಲೆ ಹಸಿ ವಾಸನೆ ಹೋಗುವ ತನಕ ಬಾಡಿಸಬೇಕು. ಬಾಡಿಸುವುದೆಂದರೆ ಹುರಿಯುವುದಲ್ಲ; ಹುರಿದರೆ ಕೆಂಪಾಗುತ್ತದೆ. ಬಾಡಿಸಿದ್ದು ಬಿಸಿಲಿಗೆ ಸೊಪ್ಪು ಸೋತ ಹಾಗೆ ಮೆತ್ತಗೆ ಸೋಲಬೇಕು. ಆ ಸೋಲನ್ನು ಅವಳ ಕಣ್ಣು ಹೇಳುತ್ತಿತ್ತು. ವಾಸನೆಯ ಪಾಡು ಕಣ್ಣಿಗೆ ಕಾಣುವುದಿಲ್ಲವಲ್ಲ. ಅದಕ್ಕೇ ಪರೀಕ್ಷೆ ಮಾಡುವವಳಂತೆ ಗತ್ತಿನಲ್ಲಿ ಕೇಳುತ್ತಿದ್ದಳು: "ಹೇಳು ನೋಡೋಣ ಮೀಸೆ, ಹೋಯ್ತಾ?"

"ಹೋಯ್ತು ದೊಡ್ಡಕ್ಕ."

ಮೂರನೇ ದಿನ ತಟ್ಟೆಗಳು ಹಾಗೇ ವಾಪಸ್ ಬಂದವು. ಬೆಳ್ಳುಳ್ಳಿ ಹಸಿಹಸಿ ಹೊಡೆಯುತ್ತಿದೆ ಎಂದು ಪಾಳಿಯವರೆಲ್ಲ ಗಲಾಟೆ. ಮ್ಯಾನೇಜರ್ ಅಡುಗೆಮನೆಗೇ ಬಂದು, "ಇನ್ನೊಂದ್ಸಲ ಹೀಗಾದ್ರೆ ಒಲೆ ಬೇರೆಯವರಿಗೆ" ಎಂದು ಹೇಳಿ ಹೋದರು.

ಅವಳು ಮೀಸೆಯನ್ನು ಉಗ್ರಾಣದೊಳಗೆ ಎಳೆದುಕೊಂಡು ಬಂದಳು. "ನಿನ್ನ ಮೂಗು ಬಾಡಿಗೆಗೆ ಕೊಟ್ಟಿದ್ಯೇನೋ? ಹೋಯ್ತು ಅಂದ್ಯಲ್ಲ!"

ಅವನು ತಲೆ ಕೆರೆದುಕೊಂಡ. "ಹೋಗಿರ್ಲಿಲ್ಲ ದೊಡ್ಡಕ್ಕ."

"ಮತ್ತೆ?"

"ಇನ್ನೂ ಇದೆ ಅಂತ ನಿಮ್ಮೆದುರಿಗೆ ಯಾರು ಹೇಳ್ತಾರೆ? ಹದಿನೈದು ವರ್ಷದ ಹಿಂದೆ ನಾನು ಹೇಳಿದ್ದೆ. ಸೌಟಲ್ಲಿ ಹೊಡೆದ್ರಿ."

ಗೆಳತಿಗೆ ನಗು ತಡೆಯಲಾಗಲಿಲ್ಲ. "ನೀನು ಸುಮ್ನಿರೇ!" ಎಂದು ದೊಡ್ಡಕ್ಕ ಅವಳ ಮೇಲೂ ಹಾರಿಬಿದ್ದಳು. ಯಾರ ಮೇಲೆ ಹಾರಿದರೇನು? ಮೀಸೆಯದು ತಾನೇ ಹೊಲಿದ ಬಾಯಿ. ಮೂಟೆಯ ಮೇಲೆ ಕೂತಳು. ನೆಲ ನೋಡುತ್ತ ಹೇಳಿದಳು: "ನಂಗೆ ವಾಸನೆ ಬರಲ್ಲ ಕಣೋ. ಒಂಚೂರೂ ಬರಲ್ಲ."

ಮರುದಿನದಿಂದ ಮೀಸೆ ನಿಜ ಹೇಳತೊಡಗಿದ. ಅದು ಇನ್ನೂ ಕಷ್ಟವಾಯಿತು.

"ಹೋಯ್ತಾ?"

"ಇನ್ನೂ ಇದೆ."

"ಎಣ್ಣೆ ಬಿಟ್ಟಿದೆ, ಕಣ್ಣಿಗೆ ಕಾಣಲ್ವಾ?"

"ಕಾಣತ್ತೆ. ಆದ್ರೂ ಇದೆ."

ಹಲ್ಲು ಕಚ್ಚಿ ಕೈಯಾಡಿಸುತ್ತಿದ್ದಳು. ತಟ್ಟೆಗಳು ಮತ್ತೆ ಬರಿದಾಗಿ ಬಂದವು, ಒಲೆಯೂ ಉಳಿಯಿತು. ಅವಳ ಸಿಡುಕು ಮಾತ್ರ ಇಳಿಯಲಿಲ್ಲ. "ಇನ್ನೊಬ್ಬರ ಮೂಗಲ್ಲಿ ಅಡುಗೆ ಮಾಡೋದೂ ಒಂದೇ, ಇನ್ನೊಬ್ಬರ ಬಾಯಲ್ಲಿ ಉಣ್ಣೋದೂ ಒಂದೇ" ಎಂದು ಎರಡು ವರ್ಷ ಗೊಣಗಿದಳು. ಆದರೂ ಕೇಳುವುದನ್ನು ಒಂದು ದಿನವೂ ಬಿಡಲಿಲ್ಲ.

ಹೋದ ತಿಂಗಳು ಅವಳು ತೀರಿಕೊಂಡಳು. ಎದೆನೋವು, ಅರ್ಧ ದಿನ, ಅಷ್ಟೇ. ಒಲೆ ಈಗ ಮೀಸೆಯದು. ಮೊದಲ ದಿನ ಗೆಳತಿ ಬೇಳೆ ಅಳೆದುಕೊಟ್ಟು ಉಗ್ರಾಣದ ಬಾಗಿಲಲ್ಲೇ ನಿಂತಿದ್ದಳು. ಮಸಾಲೆ ಎಣ್ಣೆಗೆ ಬಿತ್ತು. 'ಹೋಯ್ತಾ?' ಎಂದು ಕೇಳುವವರಿರಲಿಲ್ಲ. ಮೀಸೆ ಕೈಯಾಡಿಸುತ್ತ, ಒಂದು ಸಲ ತಿರುಗಿ ಪಕ್ಕಕ್ಕೆ ನೋಡಿ, "ಇನ್ನೂ ಇದೆ" ಎಂದ.