ಲೀಲಕ್ಕನ ಕೈ

ಲೀಲಕ್ಕನ ಕೈಬೆರಳುಗಳು ಕಪ್ಪು. ಗೇರುಬೀಜದ ಸಿಪ್ಪೆಯ ಎಣ್ಣೆ ಹತ್ತಿ ಹತ್ತಿ ಉಗುರಿನ ಸಂದಿಯವರೆಗೂ ಇಳಿದ ಕಪ್ಪು. ಮದುವೆಯೂಟದ ಪಂಕ್ತಿಯಲ್ಲೂ ಅವರು ಚಮಚ ಕೇಳುತ್ತಿದ್ದರು. "ಹತ್ತಿರ ಕೂತವರಿಗೆ ಹೇಸಿಗೆ ಆಗ್ಬಾರ್ದಲ್ಲ" ಎನ್ನುತ್ತಿದ್ದರು.

ಪುಂಜಾಲಕಟ್ಟೆಯ ಹತ್ತಿರದ ಗೇರುಬೀಜದ ಫ್ಯಾಕ್ಟರಿಯಲ್ಲಿ ನಾನು ಆಗ ರೈಟರ್, ಹಾಜರಿ ಪುಸ್ತಕ ಬರೆಯುವವ. ಲೀಲಕ್ಕ ಹನ್ನೊಂದು ವರ್ಷದಿಂದ ಅಲ್ಲಿ 'ತಾತ್ಕಾಲಿಕ'. ತಾತ್ಕಾಲಿಕದವರ ಹೆಸರೂ ಪುಸ್ತಕದಲ್ಲಿರಬೇಕು, ಅವರಿಗೂ ಆಸ್ಪತ್ರೆ ಖರ್ಚು ಭರಿಸುವ ಇಎಸ್‌ಐ ಕಾರ್ಡ್ ಮಾಡಿಸಬೇಕು ಎಂದು ಕಾನೂನು. ಅದು ನನಗೂ ಗೊತ್ತಿತ್ತು, ಧಣಿಗಳಿಗೂ ಗೊತ್ತಿತ್ತು. ಲೇಬರ್ ಇನ್‌ಸ್ಪೆಕ್ಟರ್ ತಪಾಸಣೆಗೆ ಬರುವ ದಿನ ಆ ಹೆಂಗಸರನ್ನೆಲ್ಲ ಹಿಂಬಾಗಿಲಿನಿಂದ ರಬ್ಬರ್ ತೋಟಕ್ಕೆ ಕಳಿಸುವುದು ನನ್ನ ಕೆಲಸ. ಲೀಲಕ್ಕ ಬುತ್ತಿ ಹಿಡಿದು ಎಲ್ಲರಿಗಿಂತ ಮುಂದೆ ಹೊರಡುತ್ತಿದ್ದರು. "ರೈಟ್ರೇ, ಇವತ್ತು ನಾವು ಇಲ್ಲದವರಾ? ಆಗ್ಲಿ ಮಾರಾಯ್ರೆ, ಹಕ್ಕಿ ಸ್ವರ ಆದ್ರೂ ಕೇಳುವ."

ಕಟ್ಟಿಂಗ್ ಮೆಷಿನಿನ ಪೆಡಲ್ ಒತ್ತಿ ಒತ್ತಿ ಅವರ ಮೊಣಕಾಲು ಕೆಟ್ಟಿತು. ಆಪರೇಷನ್ ಆಗಬೇಕಿತ್ತು, ಅದಕ್ಕೆ ಕಾರ್ಡ್ ಬೇಕು, ಕಾರ್ಡಿಗೆ ಪುಸ್ತಕದಲ್ಲಿ ಹೆಸರು ಬೇಕು. ಮುಂದಿನ ತಪಾಸಣೆಯ ದಿನ ಅವರು ಕೂತಲ್ಲಿಂದ ಏಳಲಿಲ್ಲ.

"ಅಡಗ್ಲಿಕ್ಕೆ ನಾನೇನು ಕದ್ದಿದ್ದೇನಾ ರೈಟ್ರೇ?"

ಇನ್‌ಸ್ಪೆಕ್ಟರ್ ಪುಸ್ತಕ ತಿರುವಿ, "ಇವರ ಹೆಸರು ಇಲ್ಲವಲ್ಲ" ಎಂದರು. ಧಣಿಗಳು ನನ್ನ ಬೆನ್ನ ಹಿಂದೆಯೇ ನಿಂತಿದ್ದರು.

"ಇವತ್ತೇ ಕೆಲಸ ಕೇಳಿಕೊಂಡು ಬಂದವರು ಸಾರ್" ಎಂದೆ. ಆ ಮಾತು ನನ್ನ ಬಾಯಿಂದಲೇ ಬಂತು.

ಇನ್‌ಸ್ಪೆಕ್ಟರ್ ಲೀಲಕ್ಕನ ಬೆರಳು ನೋಡಿದರು. "ಇದು ಒಂದು ದಿನದ ಕೈಯಾ? ನೀವು ಹೇಳಿ ಅಮ್ಮ, ಬರೆದುಕೊಳ್ತೇನೆ."

ಲೀಲಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು. "ಮೊದಲು ಬೇರೆ ಫ್ಯಾಕ್ಟರಿಯಲ್ಲಿದ್ದೆ ಸಾರ್" ಎಂದರು.

ಸಂಜೆ ಗೇಟಿನಲ್ಲಿ ಲೀಲಕ್ಕ ನನ್ನೊಡನೆ ಆಡಿದ್ದು ಇಷ್ಟೇ: "ನಿಮ್ಮ ಹೆಂಡತಿ ಬಾಣಂತಿ ಅಲ್ವಾ? ಕೆಲಸ ಹೋದ್ರೆ ಎಂತ ಮಾಡ್ತೀರಿ?"

ನಾಳೆಯಿಂದ ಅವರು ಬರುವುದು ಬೇಡ ಎಂದು ಧಣಿಗಳು ಹೇಳಿಕಳಿಸಿದರು. ಅದನ್ನು ತಿಳಿಸಲು ಹೋದವನೂ ನಾನೇ. ಆಮೇಲೆ ಉಳಿದ ಹೆಂಗಸರು ನನ್ನೊಡನೆ ಮಾತು ಬಿಟ್ಟರು. ಅಷ್ಟು ಜನರ ನಡುವೆ ಒಬ್ಬನೇ ಕೂತು ಹಾಜರಿ ಬರೆಯುವುದು ಕಷ್ಟ. ವರ್ಷ ಕಳೆಯುವ ಮೊದಲೇ ಆ ಕೆಲಸ ಬಿಟ್ಟೆ.

ಮೊನ್ನೆ ಮಡಂತ್ಯಾರಿನ ಬಸ್ ನಿಲ್ದಾಣದಲ್ಲಿ ಲೀಲಕ್ಕ ಕೋಲೂರಿ ನಿಂತಿದ್ದರು. ಆಪರೇಷನ್ ಆಗಿರಲಿಲ್ಲ.

"ಈಗಲಾದರೂ ಕಾರ್ಡಿಗೆ ಅರ್ಜಿ ಹಾಕುವ ಲೀಲಕ್ಕ. ನಾನು ಸಾಕ್ಷಿ ಹೇಳ್ತೇನೆ" ಎಂದೆ.

ಅವರು ಎರಡೂ ಕೈ ಬಿಡಿಸಿ ತೋರಿಸಿದರು. ಬೆರಳಲ್ಲಿ ಒಂದು ಕಲೆಯೂ ಇರಲಿಲ್ಲ. "ನನ್ನ ಸಾಕ್ಷಿ ಇದೊಂದೇ ಇದ್ದದ್ದು ರೈಟ್ರೇ. ಅದೂ ಹೋಯ್ತು. ಈಗ ಚಮಚ ಬೇಡ, ಕೈಯಲ್ಲೇ ಉಣ್ತೇನೆ. ಹತ್ತಿರ ಕೂರ್ಲಿಕ್ಕೆ ಯಾರೂ ಇಲ್ಲ, ಅಷ್ಟೇ."

ಬಸ್ ಬಂತು. ಹತ್ತಿಸಲು ಕೈ ಚಾಚಿದೆ. ಅವರು ಬಾಗಿಲಿನ ಕಂಬಿ ಹಿಡಿದೇ ಹತ್ತಿದರು.